ಎರಡು ಕೈಯ ಸೀರೆ

ಮೂತ್ರ ಕಟ್ಟಿಕೊಂಡರೆ ಏನಾಗುತ್ತದೆಂದು ಅನುಭವಿಸಿದವನಿಗೇ ಗೊತ್ತು. ಎರಡನೇ ಮಹಾಯುದ್ಧ ಮುಗಿದ ಹೊಸತು. ದೊಡ್ಡಬಳ್ಳಾಪುರದ ನಮ್ಮ ಮನೆಯ ಮಗ್ಗದಲ್ಲಿ ಅರ್ಧ ನೇಯ್ದ ರೇಷ್ಮೆ ಸೀರೆ ಬಿಟ್ಟು, ಹೊಟ್ಟೆ ಹಿಡಿದುಕೊಂಡು ಬೆಂಗಳೂರಿನ ರೈಲು ಹತ್ತಿದೆ. ಪ್ರಾಸ್ಟೇಟ್ ಎಂಬ ಗ್ರಂಥಿ ಊದಿಕೊಂಡು ದಾರಿ ಮುಚ್ಚಿದೆ ಎಂದರು ಡಾಕ್ಟರು. ಹೊರದೇಶದಲ್ಲಿ ಕಲಿತು ಬಂದವರು. ಹೊಟ್ಟೆ ಕುಯ್ಯದೆ, ಮೂತ್ರದ ದಾರಿಯಲ್ಲೇ ಕೊಳವೆ ತೂರಿಸಿ, ಅಡ್ಡ ಬೆಳೆದದ್ದನ್ನು ಕೆರೆದು ತೆಗೆದರು. ಊರಿನಲ್ಲಿ ಯಾರೂ ನಂಬಲಿಲ್ಲ. ನೋಡಲು ಬಂದವರೆಲ್ಲ ಹೊಲಿಗೆ ಎಲ್ಲಿ ಎಂದು ಕೇಳುವವರೇ. ತೋರಿಸುವ ಜಾಗವೇ ಅದು?

ನೀರು ಕುಡಿ, ಭಾರ ಎತ್ತಬೇಡ, ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಗುಂಡಿಗೆ ಇಳಿಯಲೇಬೇಡ ಎಂದು ಡಾಕ್ಟರು ಕಳಿಸಿದ್ದರು. ಮೊದಲ ಎರಡಕ್ಕೆ ತಲೆಬಾಗಿದೆ. ಮೂರನೆಯದು ನನ್ನಿಂದಾಗಲಿಲ್ಲ. ಹೆಂಡತಿ ನೀರಿಗೆ ಹೋದ ಹೊತ್ತು ನೋಡಿ ಗುಂಡಿಗಿಳಿದು, ಕಾಲಲ್ಲಿ ಹಲಗೆ ತುಳಿದು, ಗೇಣುದ್ದ ನೇಯ್ದೆ. ಮಧ್ಯಾಹ್ನಕ್ಕೆ ಮೂತ್ರ ಕೆಂಪಾಯಿತು.

ಅವಳಿಗೆ ತಿಳಿದುಹೋಯಿತು. ಮಾರನೆಯ ಬೆಳಿಗ್ಗೆ ಸೆರಗು ಬಿಗಿದು ತಾನೇ ಗುಂಡಿಯಲ್ಲಿ ಕೂತಳು. ನಮ್ಮ ಮನೆಯ ಹೆಂಗಸರು ಲಾಳಿಗೆ ನೂಲು ಸುತ್ತಿಕೊಡುವವರೇ ಹೊರತು ಮಗ್ಗಕ್ಕೆ ಕೂತವರಲ್ಲ. ಅದಕ್ಕಿಂತ ಹೆಚ್ಚಾಗಿ, ಒಬ್ಬ ಹಿಡಿದ ಸೀರೆಗೆ ಇನ್ನೊಬ್ಬರ ಕೈ ಬೀಳಬಾರದು. ನೂಲು ಕೂಡಿಸಲು ಹೊಡೆಯುವ ಏಟಿನ ಬಿಗಿ ಒಬ್ಬೊಬ್ಬರದು ಒಂದೊಂದು. ಬೆಳಕಿಗೆ ಹಿಡಿದರೆ ಕೈ ಬದಲಾದ ಕಡೆ ಪಟ್ಟೆ ಕಂಡೇಬಿಡುತ್ತದೆ.

"ಸೀರೆ ಕೆಡ್ತದೆ ಕಣೇ, ಎದ್ದು ಬಾ" ಎಂದೆ.

"ಕೆಟ್ರೆ ಕೆಡ್ಲಿ. ನಾನು ಎದ್ರೆ ನೀವು ಬಂದು ಕೂತ್ಕೋತೀರಿ."

ಅಷ್ಟು ಹೇಳಿ ಲಾಳಿ ತಳ್ಳಿದಳು. ನಾನು ಪಡಸಾಲೆಯ ಮಂಚದ ಮೇಲೆ ಬಾರ್ಲಿ ನೀರು ಕುಡಿಯುತ್ತಾ ಕೇಳುತ್ತಿದ್ದೆ. ಮಗ್ಗದ ಆಸೆಗೆ ಕಾಲುಗಳು ತಾವಾಗಿಯೇ ಆಡುತ್ತಿದ್ದವು. ಅವಳ ಏಟು ಮೆತ್ತಗೆ, ಮಗುವಿನ ಬೆನ್ನು ತಟ್ಟಿದ ಹಾಗೆ. ಮೊದಮೊದಲು ರೇಗಿ ಗಟ್ಟಿಯಾಗಿ ಹೊಡಿ ಎಂದು ಕೂಗುತ್ತಿದ್ದೆ. ಬರಬರುತ್ತಾ ಆ ಸದ್ದಿಗೇ ನಿದ್ದೆ ಹತ್ತುತ್ತಿತ್ತು.

ಡಾಕ್ಟರು ಒಪ್ಪಿದ ಮೇಲೆ ಸೆರಗಿನವರೆಗೂ ನಾನೇ ನೇಯ್ದು ಮುಗಿಸಿದೆ. ವ್ಯಾಪಾರಿ ಬಾಗಿಲಲ್ಲಿ ನಿಂತು ಬೆಳಕಿಗೆ ಹಿಡಿದವನೇ, ಎರಡು ಕೈ ಬಿದ್ದಿದೆ ಎಂದು ಮಡಿಸಿ ಕೊಟ್ಟುಬಿಟ್ಟ. ನನಗೆ ಮುಖ ಎತ್ತಲಾಗಲಿಲ್ಲ. ಅವಳು ಮಾತ್ರ ಸೀರೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ನಂಗಿರ್ಲಿ ಬಿಡಿ. ನೀವು ನೇಯ್ದಿದ್ದು ಒಂದನ್ನೂ ಉಟ್ಟಿರ್ಲಿಲ್ಲ ನಾನು."

ಊರೂರ ಮದುಮಕ್ಕಳಿಗೆ ಸೀರೆ ನೇಯ್ದ ನನಗೆ ಅದು ಹೊಳೆದೇ ಇರಲಿಲ್ಲ. ಆಮೇಲೆ ಹಬ್ಬ, ಮದುವೆ, ನಾಮಕರಣ ಎಲ್ಲಕ್ಕೂ ಅದನ್ನೇ ಉಟ್ಟಳು.

ಗ್ರಂಥಿ ಮತ್ತೆ ಕಾಡಲಿಲ್ಲ. ಅವಳೇ ಮೊದಲು ಹೋದಳು. ಈಗ ಬೀದಿ ತುಂಬಾ ಕರೆಂಟಿನ ಮಗ್ಗಗಳ ಗಲಾಟೆ, ನಿದ್ದೆ ಬರುವುದಿಲ್ಲ. ಮಗಳು ಕೇಳಿದರೂ ಆ ಸೀರೆ ಕೊಡಲಿಲ್ಲ. ಆಗಾಗ ಬಿಡಿಸಿ ಅಂಚಿನುದ್ದಕ್ಕೂ ಹೆಬ್ಬೆರಳು ಓಡಿಸುತ್ತೇನೆ. ಮೊದಲು ನನ್ನ ಬಿಗಿ, ಆಮೇಲೆ ಅವಳ ಮೆದು. ಅಲ್ಲಿಂದಾಚೆಗೆ ಸೆರಗಿನವರೆಗೂ ಮತ್ತೆ ನಾನೊಬ್ಬನೇ. ಅವಳ ಮೆದು ಮುಗಿಯುವಲ್ಲಿಗೆ ಬಂದಾಗ ಬೆರಳು ಮುಂದೆ ಹೋಗುವುದಿಲ್ಲ, ಮಡಿಸಿ ಇಟ್ಟುಬಿಡುತ್ತೇನೆ.