ಸೋಮವಾರದ ಪಾಸ್‌ವರ್ಡ್

ನಮ್ಮ ಸ್ಕ್ಯಾನಿಂಗ್ ಸೆಂಟರಿನ ಕರಿ ಕೀಬೋರ್ಡಿನಲ್ಲಿ ಎಂಟರ್ ಕೀಲಿ ಮಾತ್ರ ಸದಾ ಬೆಳ್ಳಗಿರುತ್ತಿತ್ತು. ಎಲೆಗೆ ಸುಣ್ಣ ಸವರಿದ ಬೆರಳಿನಿಂದಲೇ ಮಾಸ್ತರು ಅದನ್ನು ಒತ್ತುತ್ತಿದ್ದರು. ನಾನು ಗೊಣಗುತ್ತ ಒರೆಸುತ್ತಿದ್ದೆ. ಮಧ್ಯಾಹ್ನದೊಳಗೆ ಮತ್ತೆ ಸುಣ್ಣ. ಹಿಂದೆ ಟೈಪಿಂಗ್ ಕಲಿಸುತ್ತಿದ್ದರಂತೆ, ಹಾಗಾಗಿ ಎಲ್ಲರಿಗೂ ಮಾಸ್ತರೇ.

ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಸೆಂಟರು, ನಾನು ಕೌಂಟರಿನಲ್ಲಿ. ತಿಕೋಟಾ, ಬಬಲೇಶ್ವರದ ಶಾಖೆಗಳಲ್ಲಿ ತೆಗೆದ ಎಕ್ಸ್‌ರೇಗಳೆಲ್ಲ ಫೈಲ್ ಸರ್ವರಿನ ಮೂಲಕ ನಮ್ಮಲ್ಲಿಗೆ ಬರುತ್ತಿದ್ದವು; ನಮ್ಮಲ್ಲಿ ತೆಗೆದ ಸ್ಕ್ಯಾನುಗಳೂ ಅದರಲ್ಲೇ ಇರುತ್ತಿದ್ದವು. ಆ ಸರ್ವರಿನ ಉಸ್ತುವಾರಿ ಮಾಸ್ತರದು. ಪ್ರತಿ ಸೋಮವಾರ ಪಾಸ್‌ವರ್ಡ್ ಬದಲಿಸುವರು. ಚೀಟಿಯಲ್ಲಿ ಬರೆದುಕೊಂಡರೆ ಸಿಟ್ಟಾಗುವರು. "ತಲ್ಯಾಗ ಇಟ್ಕೋ ತಂಗಿ, ಕಿಸೆದಾಗ ಅಲ್ಲ." ನನ್ನ ಫಿಟ್ಸ್ ಗುಳಿಗೆಗಳು ಕೌಂಟರಿನ ಡ್ರಾದಲ್ಲಿರುವುದು, ಗಂಡನ ಮನೆಯಲ್ಲಿ ಆ ರೋಗದ ಸುದ್ದಿಯನ್ನೇ ನಾನು ಎತ್ತಿಲ್ಲವೆಂಬುದು ಅವರೊಬ್ಬರಿಗೇ ಗೊತ್ತಿತ್ತು. ಅದನ್ನೂ ತಲೆಯಲ್ಲೇ ಇಟ್ಟುಕೊಂಡಿದ್ದರು.

ಒಂದು ಬೆಳಿಗ್ಗೆ ಸರ್ವರ್ ತಂತ್ರಾಂಶದ ಕಂಪನಿಯಿಂದ ಮೇಲ್ ಬಂತು: ತಂತ್ರಾಂಶದಲ್ಲೇ ದೋಷವಿದೆ, ಆ ದಾರಿಯಿಂದ ಕಳ್ಳರು ನುಗ್ಗುತ್ತಿದ್ದಾರೆ, ಕೂಡಲೇ ಸರಿಪಡಿಸಿಕೊಳ್ಳಿ. ಮಾಸ್ತರು ನಿಂತ ಕಾಲಲ್ಲೇ ಸರಿಪಡಿಸಿದರು. ಆಮೇಲೆ ಹಿಂದಿನ ದಾಖಲೆ ನೋಡುತ್ತ ಕುಳಿತವರು ಊಟಕ್ಕೂ ಏಳಲಿಲ್ಲ. ಎರಡು ದಿನ ಮೊದಲೇ ಯಾರೋ ಎಲ್ಲವನ್ನೂ ನಕಲು ಮಾಡಿಕೊಂಡು ಹೋಗಿದ್ದರು.

"ಪಾಸ್‌ವರ್ಡ್ ಕೇಳೇ ಇಲ್ಲ ತಂಗಿ, ಹಂಗ ಒಳಗ ಬಂದಾರ" ಎಂದರು.

ಬಾಯಿ ಮುಚ್ಚಿಕೊಂಡಿರಿ ಎಂದರು ಮಾಲೀಕರು. ಮಾಸ್ತರು ಕೇಳಲಿಲ್ಲ. ಮನೆಮನೆಗೆ ಹೋಗಿ ತಿಳಿಸಲೆಂದು ರೋಗಿಗಳ ಪಟ್ಟಿ ಹಿಡಿದು ಭಾನುವಾರ ಬಸ್ಸು ಹತ್ತಿದರು. ಹೆಣ್ಣುಮಕ್ಕಳ ಜೊತೆ ಮಾತಾಡಲು ಇರಲೆಂದು ನನ್ನನ್ನೂ ಕರೆದರು. ಘೋಣಸಗಿಯಲ್ಲಿ ಒಬ್ಬ ಅಜ್ಜ ಎಲ್ಲ ಕೇಳಿಸಿಕೊಂಡು, ಒಳಗಿನಿಂದ ತನ್ನ ಎಕ್ಸ್‌ರೇ ಹಾಳೆ ತಂದು ಬೆಳಕಿಗೆ ಹಿಡಿದ.

"ಇಲ್ಲೇ ಐತಲ್ರಿ ಸರ, ಯಾರೂ ಒಯ್ದಿಲ್ಲ. ಸುಮ್ನ ಗಾಬರಿ ಆಗೀರಿ. ಚಾ ಕುಡೀರಿ."

ಮಾಸ್ತರು ಮತ್ತೊಮ್ಮೆ ವಿವರಿಸಿದರು. ಅಜ್ಜ ಮತ್ತೊಮ್ಮೆ ಹಾಳೆ ತೋರಿಸಿದ. ಚಹಾ ಕುಡಿದು ಎದ್ದು ಬಂದೆವು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವರು ಪಟ್ಟಿಯ ಕೊನೆಯ ಹಾಳೆಯನ್ನು ನನ್ನ ಕೈಗಿಟ್ಟರು. ನನ್ನ ಹೆಸರಿತ್ತು, ಮುಂದೆ ತಲೆಯ ಸ್ಕ್ಯಾನ್ ಎಂದಿತ್ತು.

"ಅಳಸಾಕ ಬರಂಗಿಲ್ಲೇನ್ರಿ?"

"ನಮ್ಮಲ್ಲಿದ್ದದ್ದು ಅಳಸಬಹುದು. ಕಳ್ಳರ ಕೈಯಾಗಿನದು ಯಾರು ಅಳಸ್ತಾರವ್ವಾ?"

ನನಗೆ ಮಾಸ್ತರ ಮೇಲೆಯೇ ವಿಪರೀತ ಸಿಟ್ಟು ಬಂತು. ಅವರ ತಪ್ಪಿಲ್ಲವೆಂದು ಗೊತ್ತಿದ್ದೂ ಬಂತು.

ಊರೂರು ತಿರುಗಿ ಹೇಳಿದ್ದಕ್ಕೆ ಮಾಲೀಕರು ಅವರನ್ನು ಕೆಲಸದಿಂದ ತೆಗೆದರು. ಆಮೇಲೆ ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮಾಸ್ತರ ಫೋನು: "ಯಾರರ ಏನರ ಅಂದ್ರೇನ ತಂಗಿ? ಮನ್ಯಾಗ ಗೊತ್ತಾತೇನು?" ಇಲ್ಲ ಎಂದರೆ ಫೋನು ಇಟ್ಟುಬಿಡುತ್ತಿದ್ದರು.

ನನ್ನ ಸ್ಕ್ಯಾನಿನ ಸುದ್ದಿ ಎಲ್ಲಿಂದ, ಯಾವತ್ತು, ಯಾರ ಮೊಬೈಲಿಗೆ ಬಂದೀತೋ ಎಂದು ಕಾಯುವುದು ನನ್ನಿಂದಾಗಲಿಲ್ಲ. ಒಂದು ಶುಕ್ರವಾರ ಗಂಡನೆದುರು ಕುಳಿತು ನಾನೇ ಹೇಳಿದೆ. ಭಾನುವಾರ ಊಟಕ್ಕೆ ಕುಳಿತಾಗ ಅವರು ಕೇಳಿದರು: "ಗುಳಿಗಿ ಊಟಕ್ಕ ಮದ್ಲೋ, ಆಮ್ಯಾಲೋ?"

ಸೋಮವಾರ ಮಾಸ್ತರ ಫೋನಿಗೆ ಕಾದೆ. ಹನ್ನೊಂದಾದರೂ ಬರಲಿಲ್ಲ. ನಾನೇ ಮಾಡಿದೆ. ಅವರ ಮಗಳು ಎತ್ತಿದಳು.

"ಅಪ್ಪಾರು ನಸುಕಿನ್ಯಾಗ ತೀರಿಹೋದ್ರು ಅಕ್ಕಾರ."

ನನ್ನ ಸಂಸಾರ ಮುರಿದೀತೆಂಬ ಭಯ ಹೊತ್ತುಕೊಂಡೇ ಹೋದರು. ಮುರಿಯಲಿಲ್ಲ, ಮಾಸ್ತರ. ಗುಳಿಗೆ ಈಗ ಅಡುಗೆಮನೆಯ ಗೂಡಿನಲ್ಲಿದೆ, ಎಲ್ಲರಿಗೂ ಕಾಣುವಂತೆ.