ಕಂಬ ಕಂಬಕ್ಕೂ ಅವಳ ಮುಖ

ಬಸವನ ಬಾಗೇವಾಡಿ ಬಸ್ ನಿಲ್ದಾಣದಲ್ಲಿ ಇಳಿದು ತಲೆ ಎತ್ತಿದರೆ ಎದುರಿಗೆ ನನ್ನ ಒಂಬತ್ತನೆಯ ತರಗತಿಯ ಹುಡುಗಿ. ಎರಡಾಳೆತ್ತರದ ಫ್ಲೆಕ್ಸ್. ಭುಜದ ಹತ್ತಿರ ಹರಿದ ಫ್ರಾಕು, ಕೆದರಿದ ಕೂದಲು, ಕೆಳಗೆ ಕೆಂಪಕ್ಷರದಲ್ಲಿ 'ಈ ಬಡ ಮಗುವಿಗಾಗಿ ಓಡೋಣ ಬನ್ನಿ'. ಸುತ್ತಲೂ ಕೈಮುಗಿದು ನಿಂತ ದೊಡ್ಡ ಮನುಷ್ಯರು. ಎಲ್ಲರ ತಲೆಗೂ ಎಣ್ಣೆ, ಎಲ್ಲರ ಅಂಗಿಗೂ ಇಸ್ತ್ರಿ. ಹರಿದದ್ದು ಅವಳದೊಂದೇ.

ನನ್ನ ಮೈ ಉರಿದುಹೋಯಿತು. ಆ ಹುಡುಗಿ ನನಗೆ ಗೊತ್ತಿಲ್ಲವೇ? ತಂಬಿಗೆಯಲ್ಲಿ ಕೆಂಡ ಹಾಕಿ, ಅದನ್ನೇ ಸಮವಸ್ತ್ರದ ಮೇಲೆ ಒತ್ತಿ ಇಸ್ತ್ರಿ ಮಾಡಿಕೊಂಡು, ಎರಡು ಜಡೆ ಬಿಗಿದು ಬರುವವಳು. ಮೂರು ವರ್ಷ ಪಾಠ ಹೇಳಿದ್ದೇನೆ, ಒಂದು ದಿನವೂ ಅವಳ ಗುಂಡಿ ಕಿತ್ತದ್ದು ನೋಡಿಲ್ಲ.

ಆ ಓಟಕ್ಕೆ ನಾನೂ ಹೆಸರು ಕೊಟ್ಟಿದ್ದೆ. ನಮ್ಮ ಕಡೆ ದೀಪಾವಳಿ ಮುಗಿಯಿತೆಂದರೆ ಕಬ್ಬು ಕಡಿಯುವವರು ಚಡಚಣ ದಾಟಿ ಮಹಾರಾಷ್ಟ್ರಕ್ಕೆ ಹೋಗುತ್ತಾರೆ. ಮಕ್ಕಳೂ ಶಾಲೆ ಬಿಟ್ಟು ಅವರ ಹಿಂದೆ. ಆ ಮಕ್ಕಳು ಊರಲ್ಲೇ ಉಳಿದು ಓದಲಿ, ಅವರ ಊಟ-ವಸತಿಗೆ ನೆರವು ಕೂಡಲಿ ಎಂದು ಒಂದು ಸಂಘದವರು ಮ್ಯಾರಥಾನ್ ಇಟ್ಟಿದ್ದರು. ನಲವತ್ತು ದಾಟಿದ ಮೇಲೆ ನನ್ನ ಮೊದಲ ಓಟ. ಬೆಳಗ್ಗೆ ಇಂಗಳೇಶ್ವರದ ರಸ್ತೆಯಲ್ಲಿ ಅಭ್ಯಾಸಕ್ಕೆ ಓಡುತ್ತಿದ್ದರೆ ಬೈಕಿನವರು ನಿಲ್ಲಿಸಿ, "ಟೀಚರ್, ಯಾರರ ಬೆನ್ನ ಹತ್ಯಾರೇನ್ರಿ?" ಎಂದು ಕೇಳುತ್ತಿದ್ದರು. ಇಂಡಿಯಿಂದ ಅವ್ವ ಫೋನು ಮಾಡಿ, "ಬಸ್ಸಿಗೆ ರೊಕ್ಕ ಇಲ್ಲೇನವಾ ನಿನ್ನ ಹಂತ್ಯಾಕ?" ಎಂದಿದ್ದಳು. ಎಲ್ಲಕ್ಕೂ ನಕ್ಕು ಓಡಿದ್ದೆ.

ಫ್ಲೆಕ್ಸ್ ಏರಿದ ಎರಡು ದಿನಕ್ಕೆ ಹುಡುಗಿ ಶಾಲೆಗೆ ಬರುವುದನ್ನು ಬಿಟ್ಟಳು. ಮನೆಗೆ ಹೋದೆ. ಅವಳು ಗೋಡೆಗೆ ಮುಖ ಮಾಡಿ ಕೂತಿದ್ದಳು. ತಾಯಿಯೇ ಹೇಳಿದಳು: "ಸಂಘದವರು ಫೋಟೋ ತೆಗಿಯಾಕ ಬಂದಾಗ ಯೂನಿಫಾರ್ಮ್ ಹಾಕ್ಕೊಂಡು ನಿಂತಿದ್ಳ್ರಿ. ಇದು ಬ್ಯಾಡ, ಹರದದ್ದು ಹಾಕು ಅಂದ್ರು. ಮನ್ಯಾಗ ಹರದದ್ದು ಇರಲಿಲ್ಲ. ನೆಲಾ ಒರಸಾಕ ಇಟ್ಟಿದ್ದ ಅವರಕ್ಕನ ಫ್ರಾಕ್ ಕಂಡ್ರು, ಅದನ್ನ ಹಾಕಿಸಿದ್ರು. ಜಡಿನೂ ಅವ್ರ ಬಿಚ್ಚಿದ್ರರಿ."

"ಕ್ಲಾಸಿನ್ಯಾಗ ಎಲ್ಲಾರೂ ನನಗ ಬಡ ಮಗು, ಬಡ ಮಗು ಅಂತಾರ್ರಿ" ಎಂದಳು ಹುಡುಗಿ, ಗೋಡೆಯ ಕಡೆಗೇ. "ನಾ ಬರೂದಿಲ್ರಿ ಟೀಚರ್. ಅವ್ವನ ಕೂಡ ಕಬ್ಬಿಗೆ ಹೋಗ್ತೇನಿ."

ಅಲ್ಲಿಂದ ನೆಟ್ಟಗೆ ಸಂಘದ ಮುಖ್ಯಸ್ಥರ ಬಳಿ ಹೋಗಿ ಫ್ಲೆಕ್ಸ್ ತೆಗೆಸಿ ಎಂದೆ. ಅವರಿಗೆ ಸಿಟ್ಟು ಬರಲಿಲ್ಲ, ನಗು ಬಂತು. "ಧರ್ಮಕ್ಕ ದಟ್ಟಿ ಕೊಟ್ರ ಹಿತ್ತಲಕ್ಕ ಹೋಗಿ ಮೊಳಾ ಹಾಕಿದ್ರಂತ, ಹಂಗಾತು ನಿಮ್ಮ ಮಾತು. ಇಸ್ತ್ರಿ ಅಂಗಿ ಹಾಕಿದ ಹುಡಿಗಿನ್ನ ನೋಡಿ ಯಾರು ಕೊಡ್ತಾರ್ರಿ? ಓಟ ಮುಗೀಲಿ, ಆಮ್ಯಾಲ ನೋಡೂಣು."

ಓಟದ ದಿನ ವೇದಿಕೆಯ ಮೇಲೆ ಒಬ್ಬರಿಗೊಬ್ಬರು ಹಾರ ಹಾಕಿ, ಶಾಲು ಹೊದಿಸಿ, ಭಾಷಣ ಮಾಡಿ, ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ನಮ್ಮನ್ನು ಬಿಟ್ಟರು. ಮುದ್ದೇಬಿಹಾಳದ ಕಡೆಗೆ ಹೋಗಿ ತಿರುಗಿ ಬರಬೇಕು. ಊರು ದಾಟಿದ್ದೇ ತಡ, ವಿದ್ಯುತ್ ಕಂಬದ ಮೇಲೆ ಮತ್ತೆ ಅವಳು. ಚಿಕ್ಕ ಫ್ಲೆಕ್ಸ್, ಅದೇ ನೆಲ ಒರೆಸುವ ಬಟ್ಟೆ. ಮುಂದಿನ ಕಂಬದಲ್ಲೂ ಅವಳೇ. ನನ್ನ ಓಟಕ್ಕೆ ಹುರುಪು ಬರಲೆಂದು ಕಟ್ಟಿದ್ದಾರೆ! ಮೂರನೆಯ ಕಂಬದ ಹತ್ತಿರ ನನ್ನ ಕಾಲುಗಳು ತಾವೇ ನಿಂತವು. ತಂತಿ ಬಿಚ್ಚಿ ಫ್ಲೆಕ್ಸ್ ಕಿತ್ತೆ. ಹಿಂದಕ್ಕೆ ಹೋಗಿ ಮೊದಲಿನ ಎರಡನ್ನೂ ಕಿತ್ತೆ. ಸುರುಳಿ ಸುತ್ತಿ ಕಂಕುಳಲ್ಲಿಟ್ಟು ಓಡಿದೆ.

ಓಡುವುದು, ನಿಲ್ಲುವುದು, ಕೀಳುವುದು. ಎಲ್ಲರೂ ನನ್ನನ್ನು ದಾಟಿ ಹೋದರು. ಸಂಘದ ಮುಖ್ಯಸ್ಥರ ಜೀಪು ಪಕ್ಕಕ್ಕೆ ಬಂತು. "ಏನ ಮಾಡಾಕತ್ತೀರಿ ಟೀಚರ್? ನೆರವಿನ ಪಟ್ಟಿಯಿಂದ ನಿಮ್ಮ ಸಾಲಿ ಹೆಸರು ತೆಗಿಸ್ತೇನಿ ನೋಡ್ರಿ."

"ತೆಗಿಸ್ರಿ. ನಾ ಇವನ್ನ ತೆಗಿತೇನಿ" ಎಂದೆ. ಬೆರಳಲ್ಲಿ ರಕ್ತ ಬರುತ್ತಿತ್ತು, ಬಾಯಲ್ಲಿ ಇನ್ನೂ ಕೆಟ್ಟ ಮಾತು ಬರುತ್ತಿತ್ತು. ಅದನ್ನು ನುಂಗಿದೆ.

ಸಿಂದಗಿಯಿಂದ ಓಡಲು ಬಂದಿದ್ದ ಒಬ್ಬ ಬಟ್ಟೆ ವ್ಯಾಪಾರಿ ಕುಂಟುತ್ತ ನನ್ನ ಹಿಂದೆ ಬರುತ್ತಿದ್ದರು. ಯಾಕೆ ಎಂದು ಕೇಳಿದರು, ಹೇಳಿದೆ. ರಸ್ತೆಯ ಆಚೆ ಬದಿಯ ಕಂಬಗಳತ್ತ ನೋಡಿದರು. ಆಮೇಲೆ, "ಆ ಕಡೀ ಕಂಬ ನಾ ನೋಡ್ತೇನ್ರಿ ಅಕ್ಕಾರ, ಈ ಕಡೀವು ನೀವು ನೋಡ್ರಿ" ಎಂದರು.

ನಾವಿಬ್ಬರು ಮುಟ್ಟುವಾಗ ವೇದಿಕೆ ಬಿಚ್ಚುತ್ತಿದ್ದರು. ಪದಕವೂ ಇಲ್ಲ, ನೀರೂ ಇಲ್ಲ. ಹೆಗಲ ಮೇಲೆ ಎಮ್ಮೆಯ ಮೇವಿನ ಕಣಿಕೆ ಹೊರೆಯಷ್ಟು ಫ್ಲೆಕ್ಸ್. ಅದನ್ನು ಹೊತ್ತುಕೊಂಡೇ ಹುಡುಗಿಯ ಮನೆಗೆ ಹೋಗಿ ಅಂಗಳದಲ್ಲಿ ಕೆಡವಿದೆ. ಅವಳು ಬಿಚ್ಚಿ ನೋಡಲಿಲ್ಲ. ನನ್ನ ಊದಿದ ಕಾಲನ್ನು ನೋಡಿದಳು.

"ಓಡಿದವ್ರು ನೀವು. ನಿಮ್ಮ ಫೋಟೋ ಯಾಕ ಹಾಕ್ಲಿಲ್ರಿ?"

ನಾನು ಕಾಲು ಚಾಚಿ ಕಟ್ಟೆಯ ಮೇಲೆ ಕೂತೆ. ಮತ್ತೆ ಅವಳೇ ಕೇಳಿದಳು, "ಬಸ್ ಸ್ಟ್ಯಾಂಡಿಂದು ತಗದೀರೇನ್ರಿ?"

"ಇಲ್ಲವಾ. ಅದು ಎತ್ತರದಾಗ ಐತಿ."

ಮರುದಿನ ಬೆಳಗ್ಗೆ ನಿಲ್ದಾಣದಲ್ಲಿ ಕುಂಟುತ್ತ ಇಳಿದರೆ, ಹುಡುಗಿ ನನಗಿಂತ ಮೊದಲೇ ಬಂದಿದ್ದಳು. ಇಸ್ತ್ರಿ ಮಾಡಿದ ಸಮವಸ್ತ್ರ, ಎರಡು ಜಡೆ, ಕೈಯಲ್ಲಿ ತಾಯಿಯ ಕಬ್ಬಿನ ಕುಡಗೋಲು. ನಾನು ಏನಾದರೂ ಹೇಳುವ ಮೊದಲೇ ಬಿದಿರಿನ ಚೌಕಟ್ಟು ಹತ್ತಿದಳು. ನಾನು ಕೆಳಗೆ ಬಿದಿರು ಹಿಡಿದು ನಿಂತೆ. ಚಹಾ ಕುಡಿಯುತ್ತಿದ್ದವರೆಲ್ಲ ಎದ್ದು ಬಂದರು. ಫ್ಲೆಕ್ಸಿನಲ್ಲಿ ಕೈಮುಗಿದು ನಿಂತಿದ್ದವರಲ್ಲೇ ಒಬ್ಬರು ಮುಂದೆ ಬಂದು ಗದರಿಸಿದರು.

"ಏ ಹುಡುಗಿ, ಯಾರ್ನ ಕೇಳಿ ತೆಗಿಯಾಕತ್ತಿ?"

ಅವಳು ಕೆಳಗೆ ನೋಡಲೂ ಇಲ್ಲ. "ಮಾರಿ ನಂದೈತ್ರಿ" ಎಂದು ಆ ಮುಖದ ಮೇಲಿನ ಹಗ್ಗ ಕೊಯ್ದಳು.

ಆಮೇಲೆ ಇಳಿದು, ಕುಡಗೋಲನ್ನು ನನ್ನ ಕೈಗೆ ಕೊಟ್ಟು, ಜಡೆ ಸರಿಮಾಡಿಕೊಂಡು ಶಾಲೆಯ ಕಡೆಗೆ ಹೋಗುವ ಬಸ್ಸು ಹತ್ತಿದಳು.