ಮೊದಲು ಸನ್ಮಾನ, ಆಮೇಲೆ ನಾಟಕ

ಹಾಲ್ ನನಗೆ ಪುಕ್ಕಟೆ ಸಿಕ್ಕಿತ್ತು. ಅದಕ್ಕೆ ತೆತ್ತದ್ದು ಒಬ್ಬ ನಟನ ಕೊನೆಯ ನಾಟಕವನ್ನು. ಬಾಡಿಗೆ ಉಳಿಸುವ ಚೌಕಾಸಿಯಲ್ಲಿ, ನಾಟಕಕ್ಕೆ ಮೊದಲು ಸನ್ಮಾನ ಎಂಬ, ಹಾಲ್ ನಡೆಸುವ ಕನ್ನಡ ಸಂಘದವರ ಷರತ್ತಿಗೆ ಒಪ್ಪಿದ್ದೆ.

ಸಿಕಂದರಾಬಾದಿನಲ್ಲಿ ರಂಗದ ದೀಪ, ಪರದೆ ಬಾಡಿಗೆಗೆ ಕೊಡುವುದು ನನ್ನ ಕಸುಬು. ಆ ಬ್ರಿಟಿಷ್ ನಟ ತಮ್ಮ ನಾಡಿನ ಸಣ್ಣ ಥಿಯೇಟರುಗಳಲ್ಲೇ ಮುದುಕರಾದವರು. ಒಬ್ಬರೇ ಆಡುವ ಒಂದೂವರೆ ಗಂಟೆಯ ಇಂಗ್ಲಿಷ್ ನಾಟಕದೊಂದಿಗೆ ಬಂದಿದ್ದರು, ಇಲ್ಲಿನ ಏರ್ಪಾಡು ನನ್ನದಾಗಿತ್ತು. ಬಣ್ಣ ಹಚ್ಚಿಕೊಳ್ಳುತ್ತ ನನಗೆ ಹೇಳಿದರು: "ನಾಟಕದ ಮಾತು ಮರೆತುಹೋಗುತ್ತಿದೆ. ಡಾಕ್ಟರು ನಿಲ್ಲಿಸು ಅಂದಿದ್ದಾರೆ. ಇವತ್ತೊಂದು ಪೂರ್ತಿ ಆಡಿಬಿಡಬೇಕು."

ಆರೂವರೆಗೆ ಶುರು ಎಂದಿತ್ತು. ಒಂಬತ್ತಕ್ಕೆ ಕರೆಂಟು ತೆಗೆಯುವುದು ಆ ಹಾಲಿನ ನಿಯಮ. ಮುಖ್ಯ ಅತಿಥಿಗಳೋ, ಉಪ್ಪಲ್ ಕಡೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದರು. ಸಂಘದ ಕಾರ್ಯದರ್ಶಿಯ ಕೈ ಹಿಡಿದೆ.

"ಸರ, ನಾಟಕ ಮೊದಲ ಮಾಡೂಣ್ರಿ. ಶಾಲು ಆಮ್ಯಾಲೆ ಹೊದಸೂಣು."

"ಏ ಮಾರಾಯ, ಆಮ್ಯಾಲೆ ಜನಾ ಎಲ್ಲಿರ್ತಾರ? ಶಾಲು ಖುರ್ಚಿಗೆ ಹೊದಸಬೇಕೇನು? ಹಾಲ್ ಪುಕ್ಕಟ ಬೇಕಂದಾಂವ ನೀನ ಹೌದಲ್ಲೊ?"

ಅತಿಥಿಗಳು ಬಂದಾಗ ಎಂಟರ ಹತ್ತಿರ. ದೀಪ, ಪ್ರಾರ್ಥನೆ, ಸ್ವಾಗತ, ಭಾಷಣ. ರಾಜನ ವೇಷದಲ್ಲಿದ್ದ ನಟರನ್ನು ವೇದಿಕೆಯಲ್ಲಿ ಕೂರಿಸಿ, ಕಿರೀಟ ತೆಗೆಸಿ ಮೈಸೂರು ಪೇಟ ಇಟ್ಟರು. ಹಾರದ ಹಿಂದೆ ಅವರ ತುಟಿ ಅಲುಗುತ್ತಲೇ ಇತ್ತು. ಮಾತು ಜಾರದಂತೆ ಒಳಗೊಳಗೇ ಹೇಳಿಕೊಳ್ಳುತ್ತಿದ್ದರು. ಬೆವರಿಗೆ ಬಣ್ಣ ಕರಗಿ ಶಾಲಿಗೆ ಅಂಟುತ್ತಿತ್ತು. ಬೇಗ ಮುಗಿಸಿ ಎಂದು ಭಾಷಣದವರಿಗೆ ಚೀಟಿ ಕಳಿಸಿದೆ. ಅದನ್ನೂ ಮೈಕಿನಲ್ಲಿ ಓದಿದರು. ಜನ ನಕ್ಕರು.

ಕೊನೆಗೆ ನಾಟಕಕ್ಕೆ ಉಳಿದದ್ದು ಇಪ್ಪತ್ತು ನಿಮಿಷ. ಅವರು ಒಂದು ಸಾಲೂ ತಪ್ಪಲಿಲ್ಲ. ಅಷ್ಟರಲ್ಲಿ ಒಂಬತ್ತಾಯಿತು, ವಾಚ್‌ಮನ್ ಪರದೆಯ ಪಕ್ಕದ ಮೇನ್ ಸ್ವಿಚ್ಚಿನ ಮುಂದೆ ಬಂದು ನಿಂತ. ಕಾರ್ಯದರ್ಶಿ ಅತಿಥಿಗಳನ್ನು ಊಟಕ್ಕೆ ಕರೆದೊಯ್ದಿದ್ದರು, ಫೋನು ಎತ್ತಲಿಲ್ಲ.

"ಭಾಯ್, ಏಕ್ ಘಂಟಾ ರುಕೋ," ಎಂದು ಅಂಗಲಾಚಿದೆ.

"ನಕ್ಕೋ ಸಾಬ್. ಮೇರಿ ನೌಕರಿ ಜಾತಿ." ಕೆಲಸ ಹೋಗುತ್ತದೆಂದು ಹೇಳಿ ಸ್ವಿಚ್ಚು ಕೆಳಗೆಳೆದ.

ಕತ್ತಲಾಯಿತು. ಅವರು ಆಡುತ್ತಲೇ ಇದ್ದರು. ನಾಟಕ ಮುಗಿಯಿತೆಂದುಕೊಂಡು ಜನ ಚಪ್ಪಾಳೆ ತಟ್ಟಿ ಎದ್ದರು, ಕುರ್ಚಿಗಳು ಸರಿದವು. ಆ ಗದ್ದಲದಲ್ಲಿ ಅವರ ಎಳೆ ಕಡಿಯಿತು. "ಎಲ್ಲಿದ್ದೆ ನಾನು? ಮುಂದಿನ ಮಾತು ಕೊಡಿ," ಎಂದು, ತೆರೆದ ಬಾಗಿಲಿನಿಂದ ಬಂದ ಮಂಕು ಬೆಳಕಿನಲ್ಲಿ ನನ್ನ ಕಡೆ ಕೈ ಚಾಚಿದರು. ಆ ನಾಟಕದ ಒಂದು ಸಾಲೂ ನನಗೆ ಗೊತ್ತಿರಲಿಲ್ಲ. ಅವರು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು.

ನಾಟಕ ಮಾಡಿಸುವವರು ನೀವಾದರೆ, ಸನ್ಮಾನವನ್ನು ಕೊನೆಗೆ ತಳ್ಳಿ. ಅತಿಥಿಗಳು ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆಡುವವರು ಎಷ್ಟೇ ಪಳಗಿದವರಿರಲಿ, ನಾಟಕದ ಪ್ರತಿ ಹಿಡಿದು ಸಾಲು ಎತ್ತಿಕೊಡಲು ಪರದೆಯ ಪಕ್ಕ ಒಬ್ಬರನ್ನು ನಿಲ್ಲಿಸಿ. ಅವರ ಕೈಗೊಂದು ಟಾರ್ಚ್ ಕೊಡಿ. ಅದರ ಸೆಲ್ಲು ಹೊಸದಿರಲಿ.